ಜೆಸಿಂತಾಳ ಹಣೆ

ಅಷ್ಟು ದೊಡ್ಡ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಚಿಟಿಕೆ ಬೂದಿ. ಅದು ಏಳನೇ ಕ್ಲಾಸಿನ ಜೆಸಿಂತಾಳ ಹಣೆಯ ಮೇಲಿತ್ತು.

ಬಾಗಲಗುಂಟೆಯ ಆ ಸರ್ಕಾರಿ ಶಾಲೆಗೆ ಸಿದ್ದರಾಮಪ್ಪ ಮೇಷ್ಟ್ರು ಪ್ರಭಾರಿ ಹೆಡ್‌ಮಾಸ್ಟರು. ದಾವಣಗೆರೆ ಕಡೆಯವರು. ಮೇಲಿನವರು ಹೇಳಿದ್ದಕ್ಕೆ ಹೂಂ, ಕೆಳಗಿನವರು ಕೇಳಿದ್ದಕ್ಕೆ ಆಗಲಿ ಎನ್ನುತ್ತಾ ಸರ್ವೀಸು ತಳ್ಳಿದ ಸಾಧು ಪ್ರಾಣಿ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ ಇಲ್ಲದೆ ಅವರನ್ನು ಯಾರೂ ಕಂಡಿರಲಿಲ್ಲ. ಹಾಗೆಂದು ಕ್ಲಾಸಿನಲ್ಲಿ ಅವರ ಬಾಯಿಂದ ದೇವರ ಸುದ್ದಿ ಬಂದದ್ದೂ ಇಲ್ಲ. “ಇಲ್ಲಿ ಭಾಗಾಕಾರ ಕಲಿಸೋದೇ ಕಷ್ಟ ಆಗೇತಿ, ದೇವರನ್ನ ಅವರವರ ಮನ್ಯಾಗ ನೋಡ್ಕೊಳ್ಲಿ” ಎನ್ನುತ್ತಿದ್ದರು.

ಆ ನೇಮ ಮುರಿದದ್ದು ರಾದ್ಧಾಂತದ ಹಿಂದಿನ ದಿನ, ಜೆಸಿಂತಾಳಿಂದ. ಅವಳ ಅಪ್ಪ ಪೀಣ್ಯದ ಯಾವುದೋ ಫ್ಯಾಕ್ಟರಿಯಲ್ಲಿ ಮೆಷಿನ್ನಿಗೆ ಸಿಕ್ಕಿ ಸತ್ತ ಮೇಲೆ ಹುಡುಗಿ ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೇ. ಮೇಷ್ಟ್ರು ಕತೆ ಹೇಳಿ ನೋಡಿದರು, ಬೋರ್ಡು ಒರೆಸುವ ಕೆಲಸ ಕೊಟ್ಟು ನೋಡಿದರು, ತಮ್ಮ ಡಬ್ಬಿಯ ಚಕ್ಕುಲಿಯನ್ನೂ ಕೊಟ್ಟು ನೋಡಿದರು. ಚಕ್ಕುಲಿ ಖಾಲಿಯಾಯಿತೇ ಹೊರತು ಮಾತು ಬರಲಿಲ್ಲ. ಅಂಥವಳು ಭಾಗಾಕಾರದ ನಡುವೆ ತಾನಾಗಿಯೇ ಎದ್ದು ನಿಂತು, “ಸಾರ್, ನೀವು ದಿನಾ ಯಾಕೆ ಬೂದಿ ಹಚ್ಕೊಂಬರ್ತೀರ?” ಎಂದು ಕೇಳಿಬಿಟ್ಟಳು.

ಮೇಷ್ಟ್ರ ಕೈಯ ಸೀಮೆಸುಣ್ಣ ಕೆಳಗೆ ಬಿತ್ತು. ನೇಮ ಗೀಮ ಎಲ್ಲ ಮರೆತುಹೋಯಿತು. “ನಮ್ಮ ಮನೆಯಾಕಿ ಚನ್ನಬಸಮ್ಮ ದಿನಾ ತಾನೇ ಹಚ್ಚಿ ಕಳಸ್ತಿದ್ಲವ್ವ. ಆಕಿ ತೀರಿಹೋದಳು. ಈಗ ನಾನೇ ಹಚ್ಕೊಂತೀನಿ. ಹಚ್ಚುವಾಗ ಆಕಿ ಕೈ ನೆನಪಾಗ್ತತಿ” ಎಂದರು. ಜೆಸಿಂತಾ ತಲೆಯಾಡಿಸಿ ಕೂತಳು. ಅಂದು ರಾತ್ರಿ ಮೇಷ್ಟ್ರು ಗೋಡೆಯ ಮೇಲಿನ ಹೆಂಡತಿಯ ಫೋಟೋಗೆ ಈ ಸುದ್ದಿಯನ್ನು ಎರಡು ಸಲ ಹೇಳಿದರು.

ಮರುದಿನ, ಬುಧವಾರ, ಹುಡುಗಿ ಎಂದೂ ಇಲ್ಲದೆ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಮೊದಲು ಕಂಡವರು ದೀಪಶ್ರೀ ಮೇಡಂ. ಓಡಿ ಬಂದರು.

“ಸಾರ್, ನಿನ್ನೆ ಪಾಠ ಬಿಟ್ಟು ವಿಭೂತಿ ಪುರಾಣ ಹೇಳಿದ್ರಂತೆ! ಹೋಗಿ ನೋಡಿ, ಆ ಕ್ರಿಶ್ಚಿಯನ್ ಹುಡುಗಿ ಬೂದಿ ಹಚ್ಕೊಂಡು ಕೂತಿದಾಳೆ. ಅವರಮ್ಮ ಬಂದು ಟೀಸಿ ಕೇಳಿದ್ರೆ ಏನ್ ಮಾಡ್ತೀರ?”

ಮೇಷ್ಟ್ರು ಕಿಟಕಿಯಿಂದ ಇಣುಕಿದರು. ಬೂದಿ ಇದ್ದದ್ದು ನಿಜ. ಬೆವರಿಗೆ ಕದಡಿಹೋಗಿತ್ತು. ವಿಭೂತಿಯಂತೆ ಬೆಳ್ಳಗಿರದೆ ಕಪ್ಪಗಿತ್ತು. ‘ಪಾಪ, ವಿಭೂತಿ ಸಿಗದೆ ಬಚ್ಚಲ ಒಲೆಯ ಬೂದಿ ಹಚ್ಚಿಕೊಂಡಿದೆ ಕೂಸು’ ಎಂದುಕೊಂಡರು. ಟೀಸಿ ಎಂಬ ಮಾತು ಕಿವಿಯಲ್ಲೇ ಉಳಿಯಿತು. ಈಗಷ್ಟೇ ಬಾಯಿ ಬಿಟ್ಟವಳು ಶಾಲೆಯನ್ನೇ ಬಿಟ್ಟು ಹೋದರೆ? ತಾಯಿ ಮರಿಯಮ್ಮನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಅವಳು ಕೆಲಸ ಮಾಡುವ ಗಾರ್ಮೆಂಟ್ಸಿನಲ್ಲಿ ಫೋನನ್ನು ಗೇಟಿನಲ್ಲೇ ಇಸಿದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ನಂಜಪ್ಪನವರ ಸ್ಕೂಟರು ಬಂತು. ಬಾಗಲಗುಂಟೆ ಹಳ್ಳಿಯಾಗಿದ್ದಾಗ ಹೊಲ ಉತ್ತವರು, ಈಗ ಅದೇ ಹೊಲದಲ್ಲಿ ಬಾಡಿಗೆ ಮನೆ ಬೆಳೆಯುವವರು. ಬಿಸಿಯೂಟದ ಸಾರಿನ ರುಚಿ ನೋಡಲು ದಿನವೂ ಬರುತ್ತಿದ್ದರು. ಹಣೆಯಲ್ಲಿ ಕೆಂಪು ನಾಮ. ಮೇಡಂ ಬಾಯಿಂದ ಸುದ್ದಿ ಕೇಳಿದ್ದೇ ಅವರು ಕಿಟಕಿಯಿಂದಲೇ ಹುಡುಗಿಯ ಫೋಟೋ ತೆಗೆದು, ಮೇಷ್ಟ್ರ ಪಾಠದ ಫಲ ಎಂದು ಬರೆದು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಅಲ್ಲಿಂದ ಅದು ಬೇರೆ ಗ್ರೂಪುಗಳಿಗೂ ಹಾರಿತು.

“ಧರ್ಮ ಏಳ್ಕೊಡೋದು ತಪ್ಪು ಅನ್ನಾಕಿಲ್ಲ ಮೇಷ್ಟ್ರೇ. ಆದ್ರೆ ಅಡ್ಡ ಯಾಕೆ ಏಳ್ಕೊಟ್ರಿ? ಈ ಜಾಗ ನಮ್ ತಾತ ಕೊಟ್ಟಿದ್ದು. ಏಳ್ಕೊಡೋದಾದ್ರೆ ಉದ್ದ ಏಳ್ಕೊಡಿ!”

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಫೋನು ಬಂತು. ಮೇಲಿನ ಆಫೀಸು. ಮಕ್ಕಳಿಗೆ ಮತಬೋಧನೆ ಮಾಡಿದ ಬಗ್ಗೆ ಸಂಜೆಯೊಳಗೆ ವಿವರಣೆ ಕೊಡಬೇಕಂತೆ. ಅದನ್ನು ಕೆಳಗಿಡುವಷ್ಟರಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಈರೇಶ್ ಬಂದ. ಸಾಫ್ಟ್‌ವೇರ್ ಕೆಲಸದವನು, ಅಲ್ಲಿನ ಶರಣ ಬಳಗಕ್ಕೆ ಕಾರ್ಯದರ್ಶಿ. ಕೈಯಲ್ಲಿ ಶಾಲು.

“ಸರ್ಕಾರಿ ಶಾಲಿಯೊಳಗ ಧರ್ಮ ಉಳಿಸಿದ್ರಿ ಸರ್! ಗ್ರೂಪಿನ್ಯಾಗ ನೋಡಿ ಕಣ್ಣಾಗ ನೀರು ಬಂತು” ಎಂದವನೇ ಶಾಲು ಹೊದೆಸಿ ಸೆಲ್ಫಿ ತೆಗೆದುಕೊಂಡ. ಒಂದೇ ತಪ್ಪಿಗೆ ಒಂದು ಕಡೆಯಿಂದ ನೋಟಿಸು, ಇನ್ನೊಂದು ಕಡೆಯಿಂದ ಶಾಲು. ಬಿಸಿಲಿಗೆ ಶಾಲಿನೊಳಗೆ ಮೇಷ್ಟ್ರು ಇಡ್ಲಿಯಂತೆ ಬೇಯತೊಡಗಿದರು.

ಸ್ಟಾಫ್ ರೂಮಿನಲ್ಲಿ ಯುದ್ಧ ಶುರುವಾಯಿತು.

“ವಾರಕ್ಕೊಂದು ವಚನದ ಕ್ಲಾಸ್ ಇಡ್ರಿ. ಅದು ಧರ್ಮ ಅಲ್ಲ, ನೈತಿಕ ಶಿಕ್ಷಣ” ಎಂದ ಈರೇಶ್.

“ನಮ್ದೂ ನೈತಿಕವೇ ಕಣಯ್ಯ! ನಿಮ್ದು ಸೋಮವಾರ ಆದ್ರೆ ನಮ್ದು ಶನಿವಾರ ಆಗ್ಲೇಬೇಕು” ಎಂದರು ನಂಜಪ್ಪ.

“ಪರೀಕ್ಷೇಲಿ ಎಷ್ಟು ಮಾರ್ಕ್ಸಿಗೆ ಬರುತ್ತೆ, ಮೊದ್ಲು ಅದನ್ನ ಹೇಳಿ” ಎಂದರು ದೀಪಶ್ರೀ ಮೇಡಂ.

“ಯಾವುದೂ ಬ್ಯಾಡ್ರಿ, ಮಕ್ಕಳು ಕೂಡಿ ಉಂಡು ಕೂಡಿ ಕಲೀಲಿ ಸಾಕು” ಎಂದ ಮೇಷ್ಟ್ರ ಮಾತು ಯಾರ ಕಿವಿಗೂ ಬೀಳಲಿಲ್ಲ. ಸೋಮವಾರ, ಶನಿವಾರಗಳು ಹಂಚಿಹೋದವು. ಯಾರ ಹಣೆಯಿಂದ ಇಷ್ಟೆಲ್ಲ ಆಯಿತೋ ಆ ಹುಡುಗಿಯನ್ನು ಒಂದು ಮಾತು ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಮೇಷ್ಟ್ರಿಗೂ ಹೊಳೆಯಲಿಲ್ಲ, ಅದೇ ದುಃಖ.

ಊಟದ ಹೊತ್ತಿಗೆ ಅವರು ಒಂದು ತೀರ್ಮಾನಕ್ಕೆ ಬಂದರು. ಸಂಜೆ ಫೋನು ಕೈಗೆ ಸಿಕ್ಕಿ ಗ್ರೂಪು ನೋಡಿದರೆ ಮರಿಯಮ್ಮ ಬಂದೇ ಬರುತ್ತಾಳೆ, ಅಷ್ಟರೊಳಗೆ ಹಣೆ ಚೊಕ್ಕಟವಾಗಿರಬೇಕು. ಜೆಸಿಂತಾಳನ್ನು ನಲ್ಲಿಯ ಹತ್ತಿರ ಕರೆದು ಟವೆಲು ಒದ್ದೆ ಮಾಡಿದರು. ಹುಡುಗಿ ಹಿಂದೆ ಸರಿದಳು.

“ಹೆದರಬ್ಯಾಡವ್ವ. ಇದು ನಮ್ಮದು, ನಿಮ್ಮದಲ್ಲ” ಎನ್ನುತ್ತಾ ಮೆತ್ತಗೆ ಒರೆಸಿದರು. ಅವಳು ಏನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಗಡಿಬಿಡಿಯಲ್ಲಿದ್ದರು. ಅವಳು ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯಿತು. ಟವೆಲಿನ ನೀರೆಂದುಕೊಂಡು ಅದನ್ನೂ ಒರೆಸಿದರು.

ಮಗುವಿಗೊಂದು ನ್ಯಾಯ ತಮಗೊಂದು ನ್ಯಾಯ ಆಗಬಾರದು ಎನ್ನಿಸಿತು. ಚನ್ನಬಸಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದು ತಮ್ಮ ಹಣೆಯನ್ನೂ ತೊಳೆದುಕೊಂಡರು. ಬರಿ ಹಣೆ ಕಂಡದ್ದೇ ಈರೇಶ್ ಶಾಲು ವಾಪಸು ತೆಗೆದು ಮಡಚಿಟ್ಟುಕೊಂಡ.

ಸಂಜೆ ಮರಿಯಮ್ಮ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ತೂಗಿಸಿಕೊಂಡು ಓಡೋಡುತ್ತಾ ಬಂದಳು. ಜಗಳ ನೋಡಲು ನಂಜಪ್ಪ, ಈರೇಶ್, ಮೇಡಂ ಮೂವರೂ ಸ್ಟಾಫ್ ರೂಮಿನಲ್ಲಿ ಕಾದಿದ್ದರು. ಮೇಷ್ಟ್ರು ಕೈಮುಗಿದರು.

“ತಪ್ಪು ನಂದೇ ತಾಯಿ. ನಾನು ಮಾತಾಡಿದ್ದಕ್ಕೆ ಕೂಸು ಬೂದಿ ಹಚ್ಕೊಂಡು ಬಂತು. ಒರೆಸೀನಿ. ಟೀಸಿ ಮಾತ್ರ ಕೇಳಬ್ಯಾಡ್ರಿ.”

ಮರಿಯಮ್ಮ ಮಗಳ ಹಣೆ ನೋಡಿದಳು.

“ಒರೆಸಿದ್ರಾ? ಯಾಕ್ ಸಾರ್? ಇವತ್ತು ನಮ್ಗೆ ಬೂದಿ ಬುಧವಾರ. ಬೆಳಿಗ್ಗೆ ಚರ್ಚಲ್ಲಿ ಫಾದರ್ ಇಟ್ಟಿದ್ದು ಅದು.”

ಮೇಷ್ಟ್ರು ಟವೆಲು ಬಿಡಿಸಿ ಅದರ ಮೇಲಿನ ಕಪ್ಪು ಕಲೆ ನೋಡಿದರು.

“ಅವರಪ್ಪ ಹೋದಾಗಿಂದ ಚರ್ಚಿಗೆ ಬಾ ಅಂದ್ರೆ ಬರ್ತಿರ್ಲಿಲ್ಲ ಸಾರ್ ಇವಳು. ಮನೇಲೂ ಮಾತಿಲ್ಲ. ನಿನ್ನೆ ಬಂದು, ‘ಅಮ್ಮಾ, ನಮ್ ಸಾರ್ ಅವರ ಹೆಂಡ್ತಿ ನೆನಪಿಗೆ ಬೂದಿ ಇಟ್ಕೋತಾರಂತೆ, ನಾಳೆ ನಾನೂ ಬರ್ತೀನಿ, ಅಪ್ಪನ ನೆನಪಿಗೆ ಇಟ್ಕೋತೀನಿ’ ಅಂದ್ಲು. ನಿಮ್ಗೆ ಥ್ಯಾಂಕ್ಸ್ ಹೇಳೋಣ ಅಂತ ಓಡ್ ಬಂದೆ ಸಾರ್.”

ನಂಜಪ್ಪನವರಿಗೆ ಆಗಲೇ ಸ್ಕೂಟರಿನ ನೆನಪಾಗಿತ್ತು. ಈರೇಶ್ ಶಾಲನ್ನು ಚೀಲಕ್ಕೆ ತುರುಕಿದ. ಮೂವರೂ ಹೊರಬಿದ್ದರು. ಗೇಟು ದಾಟುವ ಮೊದಲೇ ಯಾರೋ ಗ್ರೂಪಿಗೆ ಹೊಸ ಸುದ್ದಿ ಹಾಕಿದರು: ‘ಮಗುವಿನ ಚರ್ಚಿನ ಬೂದಿ ಅಳಿಸಿದ ಹೆಡ್‌ಮಾಸ್ಟರು.’ ಮೇಲಿನ ಆಫೀಸಿನ ಫೋನು ಮತ್ತೆ ಬಂತು. ಈ ಸಲ ಅದು ನಿಜವೇ ಎಂದು ಕೇಳಿದರು.

“ನಿಜ ಸಾರ್” ಎಂದರು ಸಿದ್ದರಾಮಪ್ಪ.

ಮರಿಯಮ್ಮನೇ ಸಮಾಧಾನ ಹೇಳಿದಳು. “ಹೋಗ್ಲಿ ಬಿಡಿ ಸಾರ್. ಟೀಸಿ ಗೀಸಿ ಏನೂ ಬೇಡ. ಬೇಕೂಂತ ಮಾಡಿದ್ರಾ ನೀವು?”

ಅವಳು ಬೈದಿದ್ದರೂ ಅವರಿಗೆ ಇಷ್ಟು ನೋಯುತ್ತಿರಲಿಲ್ಲ. ಹುಡುಗಿಯ ಮುಂದೆ ಮಂಡಿಯೂರಿ ಕೂತರು. ಇಬ್ಬರ ಹಣೆಯೂ ಬರಿದಾಗಿತ್ತು.

“ತಪ್ಪಾತವ್ವ. ನಾಳೆ ಬರ್ತೀಯಲ್ಲ? ಒಂದು ಮಾತು ಹೇಳು ನನ್ನವ್ವ.”

ಜೆಸಿಂತಾ ಅವರನ್ನೇ ನೋಡಿದಳು. ಆಮೇಲೆ, ಹಾಜರಿ ಕೂಗಿದಾಗ ಎತ್ತುವಂತೆ, ಸುಮ್ಮನೆ ಕೈ ಎತ್ತಿದಳು.