ಅಂಕ ಕಳಿಸುವ ದಿನ ಕಂಪ್ಯೂಟರ್ ಮುನಿದದ್ದು

ನಾನು ಮೂರು ಮದುವೆ ಸಂಬಂಧ ಕುದುರಿಸಿದವನು. ಅದರಲ್ಲೊಂದು ಹೊಳಲೂರಿನ ಹುಡುಗನಿಗೂ ಭದ್ರಾವತಿಯ ಹುಡುಗಿಗೂ. ಎರಡೂ ಕಡೆಯ ಸೋದರಮಾವಂದಿರು ಒಂದೇ ಪಂಕ್ತಿಯಲ್ಲಿ ಕೂರುವುದಿಲ್ಲವೆಂದು ಹಟ ಹಿಡಿದಿದ್ದರು. ಅಂಥವರನ್ನೇ ಒಂದುಗೂಡಿಸಿದ ನನಗೆ, ವಿದ್ಯಾನಗರದ ನಮ್ಮ ಮನೆಯ ಕಂಪ್ಯೂಟರನ್ನು ವಿಶ್ವವಿದ್ಯಾಲಯದ ಜಾಲಕ್ಕೆ ಕೂಡಿಸಲಾಗಲಿಲ್ಲ ಎಂದು ವಿನಯದಿಂದ ಒಪ್ಪಿಕೊಳ್ಳುತ್ತೇನೆ.

ನಾನು ಭದ್ರಾವತಿಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಆಯುಧಪೂಜೆಯಾದ ಮೂರನೇ ದಿನ, ಸಂಜೆ ಐದರೊಳಗೆ ಮಕ್ಕಳ ಇಂಟರ್ನಲ್ ಅಂಕಗಳನ್ನು ಆ ಜಾಲದಲ್ಲಿ ತುಂಬಬೇಕಿತ್ತು. ತಪ್ಪಿದರೆ ಇಡೀ ತರಗತಿಯ ಫಲಿತಾಂಶಕ್ಕೆ ತಡೆ. ಮೊಬೈಲಿನಲ್ಲಿ ಆ ಪುಟ ತೆರೆಯುವುದಿಲ್ಲ. ಮೂರು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತರೆ 'ಸಂಪರ್ಕವಿಲ್ಲ' ಎಂದಿತು. ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿ ನಾಗರಿಕತೆಗಳ ಅವನತಿಯ ಬಗ್ಗೆ ಉಪನ್ಯಾಸ ಕೊಟ್ಟೆ. ವಿಶ್ವವಿದ್ಯಾಲಯದವರು "ನಮ್ಮ ಕಡೆ ಎಲ್ಲಾ ಸರಿಯಿದೆ ಸಾರ್" ಎಂದರು. ಸಾಮ್ರಾಜ್ಯಗಳೆಲ್ಲ ಬೀಳುವ ಮುನ್ನ ಹೀಗೇ ಹೇಳಿವೆ.

"ಊರೋರ್ನೆಲ್ಲ ಬೈಯೋ ಬದಲು ರಫೀಕ್‌ನ ಕರೀರಿ ಮಾರಾಯ್ರೆ," ಎಂದಳು ನನ್ನಾಕೆ. ರಫೀಕ್ ನನ್ನ ಹಳೆಯ ಶಿಷ್ಯ. ಸವಳಂಗ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಂದವನು ಕೇಬಲ್ ಕಿತ್ತು, ಅದು ಕೂರುವ ತೂತಿಗೆ ಟಾರ್ಚ್ ಬಿಟ್ಟು, ಬಾವಿಗೆ ಬಿದ್ದ ಕೊಡ ಹುಡುಕುವವನಂತೆ ನೋಡಿದ.

"ಸಾರ್, ಇದರೊಳಗೆ ಕುಂಕುಮ ತುಂಬಿದ್ದು ಯಾರು?"

"ನಾನು ಮೇಲೊಂದು ಬೊಟ್ಟಿಟ್ಟೆ, ಅಷ್ಟೇನಪ್ಪ," ಎಂದು ನನ್ನಾಕೆ ಜಾರಿಕೊಂಡಳು. "ಪೂಜೆ ಅಂದ್ಮೇಲೆ ಒಂದು ಅಂಗಾನೂ ಬಿಡಬಾರದು ಅಂತ ಗಂಧ, ಕುಂಕುಮ ಕಲಸಿಕೊಂಡು ಅದರ ಹಿಂದೆ ಕೂತಿದ್ದು ನಿಮ್ಮ ಮೇಷ್ಟ್ರು."

"ನಮ್ಮ ಅಂಗಡೀಲೂ ಪೂಜೆ ಮಾಡ್ತಾರೆ ಸಾರ್. ಆದ್ರೆ ಬಾಯಿಗೆ ತುರುಕಲ್ಲ," ಎಂದ ರಫೀಕ್, ಹಳೆಯ ಬ್ರಷ್ಷಿನಿಂದ ನನ್ನ ಭಕ್ತಿಯನ್ನು ಕೆರೆಯುತ್ತ. ನಾಲ್ಕೂವರೆಗೆ ಜಾಲ ಸಿಕ್ಕಿತು. ಐದಕ್ಕೆ ನಾಲ್ಕು ನಿಮಿಷ ಇರುವಾಗ ಕೊನೆಯ ಅಂಕವೂ ಹೋಯಿತು. ಮಕ್ಕಳು ಬಚಾವಾದರು.

ಹೊರಡುವಾಗ ರಫೀಕ್ ನನ್ನ ಮೊಬೈಲಿನಲ್ಲಿ ತನ್ನ ಅಂಗಡಿಯ ಪುಟ ತೆಗೆದುಕೊಟ್ಟ. "ಐದು ಸ್ಟಾರ್ ಇದಾವೆ ಸಾರ್, ಒತ್ತಿಬಿಡಿ."

ಸರ್ವೀಸಿನಲ್ಲಿ ಯಾರಿಗೂ ಪೂರ್ತಿ ಅಂಕ ಕೊಟ್ಟವನಲ್ಲ ನಾನು. ನಾಲ್ಕಕ್ಕೆ ಬೆರಳು ನಿಲ್ಲಿಸಿದೆ. "ಉತ್ತರ ಸರಿಯಿದೆ. ಹಂತಗಳನ್ನು ವಿವರಿಸಿಲ್ಲ."

"ಆಯ್ತು ಸಾರ್. ಕೆಳಗೆ ಜಾಗ ಇದೆ, ಅದನ್ನೇ ಬರೀರಿ. ಏನು ಕೆಟ್ಟಿತ್ತು, ಹೆಂಗೆ ಕೆಟ್ಟಿತ್ತು ಅಂತ ಹಂತಹಂತವಾಗಿ ನಾನು ಅದರ ಕೆಳಗೆ ಉತ್ತರ ಬರೀತೀನಿ. ಭದ್ರಾವತೀಲಿ ನಿಮ್ಮ ಕಾಲೇಜಿನವರೆಲ್ಲ ಓದ್ತಾರೆ."

ಹೀಗೆ, ನನ್ನ ವೃತ್ತಿಜೀವನದ ಮೊದಲ ಪೂರ್ಣಾಂಕ ರಫೀಕನಿಗೆ ಸಂದಿತು.