ಪಿಂಗಾಣಿ ಹುಡುಗಿಯ ಸುಕ್ಕುಗಳು

ಗಂಡಸರು ಸೋಮಾರಿಗಳಾಗಿ ಕೂತಿದ್ದಾಗ ಮನೆಗೆ ಅಂಥ ನಷ್ಟವೇನೂ ಆಗುವುದಿಲ್ಲ. ಮುತುವರ್ಜಿ ವಹಿಸಿ ಅಡುಗೆಮನೆಗೆ ಕಾಲಿಟ್ಟಾಗಲೇ ಅನಾಹುತ. ಇದನ್ನು ಒಪ್ಪಿಕೊಳ್ಳಲು ನನಗೆ ಪಿಂಚಣಿಯ ವಯಸ್ಸೇ ಬೇಕಾಯಿತು.

ದೆಹಲಿಯ ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನ ಶೋಕೇಸಿನಲ್ಲಿ ಒಂದು ಪಿಂಗಾಣಿ ಜಾಡಿ ಇದೆ. ನೂರು ವರ್ಷದ ಹಿಂದೆ ಇಂಗ್ಲೆಂಡಿನ ಯಾವುದೋ ಸಣ್ಣ ಕಾರ್ಯಾಗಾರದಲ್ಲಿ ಯಾರೋ ಕುಂಚ ಹಿಡಿದು ಕೈಯಲ್ಲೇ ಬಿಡಿಸಿದ್ದು. ಸುತ್ತ ಗುಲಾಬಿ ಬಳ್ಳಿ, ನಡುವೆ ಬುಟ್ಟಿ ಹಿಡಿದ ಹುಡುಗಿ, ತಳದಲ್ಲಿ ಬಿಡಿಸಿದವರ ಹೆಸರಿನ ಎರಡಕ್ಷರ. ಕೊಡಗಿನ ತೋಟ ಮಾರಿ ತನ್ನ ದೇಶಕ್ಕೆ ಹೊರಟ ದೊರೆಸಾನಿಯೊಬ್ಬಳು, ತನಗೆ ಬಟ್ಟೆ ಹೊಲಿದುಕೊಡುತ್ತಿದ್ದ ನನ್ನ ಅತ್ತೆಗೆ ಕೊಟ್ಟು ಹೋದಳಂತೆ. ಆ ಅತ್ತೆಯನ್ನು ನಾನು ಕಂಡವನಲ್ಲ. ನನ್ನ ಹೆಂಡತಿ ಕಾವೇರಿ ಚಿಕ್ಕವಳಿದ್ದಾಗಲೇ ಆಕೆ ತೀರಿಕೊಂಡರು. ತಾಯಿಯ ನೆನಪಿಗೆ ಅವಳಿಗೆ ಉಳಿದದ್ದು ಇದೊಂದೇ. ನಾನು ಸೈನ್ಯದಲ್ಲಿದ್ದಷ್ಟು ಕಾಲ ಹದಿನಾಲ್ಕು ವರ್ಗಾವಣೆಗಳಲ್ಲೂ ಈ ಜಾಡಿ ನನ್ನ ಉಣ್ಣೆಯ ಕಾಲುಚೀಲ ಸುತ್ತಿಕೊಂಡು, ಕಪ್ಪು ಟ್ರಂಕಿನಲ್ಲಿ ಕೂತು ಬಂತು. ಒಂದು ಚೂರೂ ಮುಕ್ಕಾಗಲಿಲ್ಲ.

ಹೋದ ತಿಂಗಳು ಕಾವೇರಿ ಒಂದು ವಾರಕ್ಕೆಂದು ರೋಹಿಣಿ ಬಡಾವಣೆಯಲ್ಲಿರುವ ಮಗಳ ಮನೆಗೆ ಹೋದಳು. ಅವಳು ಹೋದ ದಿನವೇ ಊರಿನಿಂದ ಬಂದ ಕಾಚಂಪುಳಿಯ ಬಾಟಲಿ ಬಿರುಕು ಬಿಟ್ಟಿತು. ಕಾಚಂಪುಳಿ ಎಂದರೆ ಹಂದಿ ಸಾರಿಗೆ ನಾವು ಕೊಡವರು ಹಾಕುವ ಕಪ್ಪು ಹುಳಿ. ದೆಹಲಿಯ ಯಾವ ಭಯ್ಯಾನ ಅಂಗಡಿಯಲ್ಲೂ ಸಿಗದು. ಹುಳಿಯನ್ನು ಸ್ಟೀಲ್ ಪಾತ್ರೆಯಲ್ಲಿ ಇಡಬಾರದೆಂಬ ತಿಳಿವಳಿಕೆ ನನಗಿತ್ತು. ಅಷ್ಟು ತಿಳಿದವನು ನಾನೊಬ್ಬನೇ ಎಂಬ ಹೆಮ್ಮೆಯಿಂದ ಜಾಡಿಯನ್ನು ಕೆಳಗಿಳಿಸಿ ಸುರಿದೆ.

ಐದನೆಯ ದಿನ ನೋಡುತ್ತೇನೆ, ಹುಡುಗಿಗೆ ವಯಸ್ಸಾಗಿದೆ! ಹಳೆಯ ಮೆರುಗಿನಲ್ಲಿ ಕಣ್ಣಿಗೆ ಕಾಣದಂತಿದ್ದ ಬಿರುಕುಗಳಿಗೆಲ್ಲ ಹುಳಿ ಇಳಿದು, ಹಣೆಯಲ್ಲಿ ಗೆರೆ, ಕಣ್ಣಂಚಿನಲ್ಲಿ ಸುಕ್ಕು. ಅಡುಗೆ ಸೋಡಾ ಹಚ್ಚಿದೆ. ಟೂತ್‌ಪೇಸ್ಟ್ ಹಚ್ಚಿ ಬೂಟಿನ ಬ್ರಷ್ಷಿನಿಂದ ಉಜ್ಜಿದೆ. ಗುಲಾಬಿ ಮಾಸಿತು, ಸುಕ್ಕು ಕದಲಲಿಲ್ಲ. ಗಡಿಯಲ್ಲೂ ನಾನು ಅಷ್ಟು ಹೆದರಿರಲಿಲ್ಲ.

ಕಾವೇರಿ ಬಂದವಳೇ ಜಾಡಿಯ ಮುಂದೆ ನಿಂತಳು.

"ಏನು ಹಾಕಿದ್ರಿ ಇದಕ್ಕೆ?"

"ಕಾಚಂಪುಳಿ."

"ಅಚ್ಛಾ" ಎಂದಳು. ಆ ಒಂದು ಅಚ್ಛಾದ ನಂತರ ಬೈಗುಳ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬರಲಿಲ್ಲ. ಸೆರಗಿನಿಂದ ಹುಡುಗಿಯ ಮುಖವನ್ನು ಮೆಲ್ಲಗೆ ಒರೆಸಿದಳು.

"ಅವ್ವ ಹೋದಾಗ ಅವಳಿಗೆ ಮೂವತ್ತೆಂಟು. ಮುದುಕಿಯಾಗಿದ್ರೆ ಹೇಗಿರ್ತಿದ್ಳು ಅಂತ ಎಷ್ಟು ಸಲ ಯೋಚ್ನೆ ಮಾಡಿದ್ದೀನಿ. ಹೀಗೇ ಇರ್ತಿದ್ಳೇನೋ" ಎಂದು ಅತ್ತುಬಿಟ್ಟಳು. ತಪ್ಪಾಯಿತು ಎನ್ನುವುದಕ್ಕೂ ನನಗೆ ನಾಚಿಕೆಯಾಯಿತು.

ಈಗ ದಿನಾ ಬೆಳಿಗ್ಗೆ ಕಾಫಿ ಹಿಡಿದು ಶೋಕೇಸಿನ ಮುಂದೆ ನಿಂತು ಅವ್ವನ ಹತ್ತಿರ ಏನೇನೋ ಹೇಳಿಕೊಳ್ಳುತ್ತಾಳೆ. ಒಂದು ದಿನ ಕಿವಿಗೊಟ್ಟು ಕೇಳಿದೆ: ಎಲ್ಲವೂ ನನ್ನ ಮೇಲಿನ ದೂರು. ಅತ್ತೆಯಿಲ್ಲದ ಮನೆಯ ಅಳಿಯನೆಂದು ನಲವತ್ತು ವರ್ಷ ನಿಶ್ಚಿಂತೆಯಿಂದ ಇದ್ದವನು, ಈ ವಯಸ್ಸಿನಲ್ಲಿ ನನ್ನ ಕೈಯಾರೆ ಒಬ್ಬ ಅತ್ತೆಯನ್ನು ಮಾಡಿಟ್ಟುಕೊಂಡಿದ್ದೇನೆ.