ಬ್ರೆಜಿಲ್ ಕ್ಲಬ್ಬಿಗೆ ಕಾಶ್ಯಪ ಗೋತ್ರ

ಪ್ರಪಂಚದಲ್ಲಿ ಎಲ್ಲಿ ಏನು ವಿಚಿತ್ರ ನಡೆಯುವುದಿದ್ದರೂ ಅದು ಮೊದಲು ನನ್ನ ಪೋಸ್ಟ್‌ಕೋಡ್ ವಿಚಾರಿಸಿಕೊಂಡು ಬರುತ್ತದೆ. ಕುಂದಾಪುರದಲ್ಲಿದ್ದಾಗ ಅಲ್ಲಿಗೆ ಬರುತ್ತಿತ್ತು. ಬರ್ಮಿಂಗ್‌ಹ್ಯಾಮಿಗೆ ಬಂದು ಹಾರ್ಬೋರ್ನಿನಲ್ಲಿ ಮನೆ ಮಾಡಿದರೆ ದಾರಿ ತಪ್ಪೀತು ಅಂದುಕೊಂಡೆ. ಅದು ಬಸ್ಸು ಹತ್ತಿ ಹಿಂದೆಯೇ ಬಂತು. ನನ್ನ ಹೆಂಡತಿ ಹೇಳುವುದು ಬೇರೆ: "ವಿಚಿತ್ರ ನಿಮ್ಮನ್ನು ಹುಡುಕಿಕೊಂಡು ಬರೋದಲ್ಲ. ನೀವೇ ಹೋಗಿ ಕೈಹಿಡಿದು ಕರ್ಕೊಂಡು ಬರ್ತೀರಿ."

ಇರಲಿ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ನೋಡಿ ರೋಗ ಹೇಳುವವನು ನಾನು. ಡಾಕ್ಟರುಗಳು ಅದನ್ನೇ ಸ್ವಲ್ಪ ಗಂಭೀರ ಮುಖ ಮಾಡಿಕೊಂಡು ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಇಂಥ ನಾನು ಹಾರ್ಬೋರ್ನಿನ ಸೋಫಾದ ಮೇಲೆ ಕೂತು ಬ್ರೆಜಿಲಿನ ಒಂದು ಫುಟ್‌ಬಾಲ್ ಕ್ಲಬ್ಬನ್ನು ಹೇಗೆ ಉಳಿಸಿದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಉಪ್ಪುಖಾರ ನಾನು ಹಾಕಿಲ್ಲ. ಇದ್ದದ್ದೇ ಸಾಕಷ್ಟಿತ್ತು.

ಅದರ ಕೆಳಗೆ ಏನುಂಟು?

ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಟ್ರಾಲಿ ತಳ್ಳುವ ಒಬ್ಬ ಪೋರ್ಟರ್ ಇದ್ದಾನೆ. ಬ್ರೆಜಿಲಿನವನು, ಮೂವತ್ತೈದರ ಆಸುಪಾಸು. ಕೇರಳದ ನರ್ಸುಗಳು ಕಲಿಸಿದ್ದರಿಂದ ನನ್ನನ್ನು 'ಅಂಕಲ್' ಅನ್ನುತ್ತಾನೆ. ಒಂದು ಭಾನುವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಆರಿಹೋಗುತ್ತಿದ್ದರೂ ಮೊಬೈಲಿನಿಂದ ಕಣ್ಣು ತೆಗೆಯದೆ ಕೂತಿದ್ದ. ಇಣುಕಿದೆ. ಒಂದು ಗೋಡೆ, ಯಾರದೋ ತಲೆಯ ಹಿಂಭಾಗ, ಉಳಿದದ್ದೆಲ್ಲ ಆಕಾಶ.

"ಇದು ಎಲ್ಲಿಯ ಸಿಸಿಟಿವಿ?" ಅಂತ ಕೇಳಿದೆ.

"ನಮ್ಮೂರಿನ ಕ್ಲಬ್ಬಿನ ಮ್ಯಾಚು ಅಂಕಲ್. ಲೈವ್."

"ಬ್ರೆಜಿಲಿನ ದೊಡ್ಡ ಲೀಗಾ?"

"ಅಲ್ಲ, ನಮ್ಮ ರಾಜ್ಯದ ಲೀಗು."

"ಅದರಲ್ಲಿ ಮೊದಲನೇ ಡಿವಿಷನ್?"

"ಮೂರನೇದು."

"ಅದರ ಕೆಳಗೆ ಏನುಂಟು?"

ಅವನು ಯೋಚನೆ ಮಾಡಿ ಹೇಳಿದ: "ನೆಲ."

ಆಟವನ್ನು ತೋರಿಸುತ್ತಿದ್ದವನು ಕ್ಲಬ್ಬಿನ ವ್ಯಾನ್ ಡ್ರೈವರ್. ಆಟಗಾರರನ್ನು ಮೈದಾನಕ್ಕೆ ಇಳಿಸಿದ ಮೇಲೆ ಅವನಿಗೆ ಬೇರೆ ಕೆಲಸ ಇಲ್ಲವಲ್ಲ, ಹಾಗಾಗಿ ಏಣಿಯ ಮೇಲೆ ಕೂತು ತನ್ನ ಮೊಬೈಲಿನಲ್ಲಿ ಇಡೀ ಆಟ ತೋರಿಸುತ್ತಾನೆ. ತಿಂಡಿ ತಿನ್ನುವಾಗ ಮೊಬೈಲನ್ನು ತೊಡೆಯ ಮೇಲೆ ಇಡುತ್ತಾನೆ. ಆ ದಿನದ ಮೊದಲ ಗೋಲಿನ ಹೊತ್ತಿಗೆ ನಾವು ನೋಡಿದ್ದು ಅವನ ಮಂಡಿ.

ಸುಮ್ಮನಿರಲಾಗದೆ ನನ್ನ ಕಥೆ ಹೇಳಿದೆ. ನಾವು ಕಡಲ ದಂಡೆಯಲ್ಲಿ ಆಡಿ ಬೆಳೆದವರು. ನಾನು ಒದ್ದ ಬಾಲು ಸಮುದ್ರಕ್ಕೆ ಬಿದ್ದರೆ ಅಲೆ ತಂದು ನನ್ನ ಕಾಲಿಗೇ ಪಾಸ್ ಕೊಡುತ್ತಿತ್ತು, ಬೇರೆಯವರಿಗೆ ಕೊಡುತ್ತಿರಲಿಲ್ಲ. ಅವನು ಪೂರ್ತಿ ಕೇಳಿದ, ತಲೆಯಾಡಿಸಿದ, ಕೊನೆಗೆ ಕೇಳಿದ: "ಅಲೆಗೆ ಆಫ್‌ಸೈಡ್ ಕೊಡ್ತಿರಲಿಲ್ವಾ ಅಂಕಲ್?"

ಅವತ್ತೇ ಗೊತ್ತಾಯಿತು, ಇವನು ನಮ್ಮವನು.

ಎರಡು ಸೆಕೆಂಡು

ಮುಂದಿನ ಭಾನುವಾರವೂ ಜೊತೆಗೆ ಕೂತೆ. ಅವರಲ್ಲಿ ಬೆಳಿಗ್ಗೆ ಹತ್ತಕ್ಕೆ ಆಟ, ನಮಗೆ ಮಧ್ಯಾಹ್ನ ಎರಡು. ಆಟ ನೋಡುವ ಹಾಗೇ ಇರಲಿಲ್ಲ. ನಮ್ಮ ಡಿಫೆಂಡರುಗಳು ಎದುರಾಳಿಗೆ ದಾರಿ ಬಿಡುವ ರೀತಿ ನೋಡಿದರೆ ಮದುವೆ ಮನೆಯ ಬಾಗಿಲಲ್ಲಿ ಪನ್ನೀರು ಹಾಕಿ ಒಳಗೆ ಕರೆಯುವವರ ನೆನಪಾಗುತ್ತಿತ್ತು. ಆದರೆ ಇವನ ಲಕ್ಷ್ಯ ಆಟದ ಮೇಲೇ ಇರಲಿಲ್ಲ. ಬಲಗಡೆ ಮೂಲೆಯಲ್ಲಿ ಕಾರ್ನರ್ ಕಿಕ್ ಸಿಕ್ಕಿತು, ಡ್ರೈವರ್ ಮೊಬೈಲನ್ನು ಆ ಕಡೆ ತಿರುಗಿಸಿದ, ಇವನು ಉಸಿರು ಹಿಡಿದ. ಬಾವುಟದ ಹಿಂದೆ ನೀಲಿ ಛತ್ರಿ, ಬಾಣಲೆ, ಬಾಣಲೆಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ಯಾರನ್ನೋ ಬೈಯುತ್ತಿದ್ದ ಒಬ್ಬ ಹೆಂಗಸು. ಎರಡು ಸೆಕೆಂಡು. ಮೊಬೈಲ್ ಮತ್ತೆ ಬಾಲಿನ ಹಿಂದೆ ಹೋಯಿತು.

"ಅಮ್ಮ," ಅಂದ.

ಆಟ ಇದ್ದ ದಿನ ಅವರಮ್ಮ ಅಲ್ಲಿ ತಿಂಡಿ ಕರಿದು ಮಾರುತ್ತಾರೆ. ಒಳಗೆ ಮಾಂಸ ತುಂಬಿದ ನಮ್ಮ ಕರ್ಜಿಕಾಯಿ ಅಂದುಕೊಳ್ಳಿ. ಅವನು ಊರು ಬಿಟ್ಟು ಆರು ವರ್ಷ. ಎರಡು ಸಲ ಟಿಕೆಟ್ ಮಾಡಿಸಿದ್ದ. ಒಂದು ಸಲ ವಿಮಾನಗಳೇ ನಿಂತುಹೋದವು, ಇನ್ನೊಂದು ಸಲ ಮಗ ತಿಂಗಳು ಮುಂಚೆ ಹುಟ್ಟಿಬಿಟ್ಟ. ಈಗ ಹೆಂಡತಿಗೆ ಮತ್ತೆ ಏಳು ತಿಂಗಳು.

"ವಿಡಿಯೋ ಕಾಲ್ ಮಾಡೋದಪ್ಪ," ಅಂದೆ.

"ಮಾಡ್ತೇನೆ ಅಂಕಲ್. ಅವಳು ಫೋನನ್ನು ಕಿವಿಗೆ ಇಟ್ಕೊಳ್ತಾಳೆ."

ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟೆ. ನನಗೂ ಕುಂದಾಪುರದಲ್ಲಿ ಒಬ್ಬಳು ಅಕ್ಕ ಇದ್ದಾಳೆ. ಮಗನ ಬೇಕರಿಯ ಕೌಂಟರಿನಲ್ಲಿ ಕೂತು ಇಡೀ ಪೇಟೆಗೆ ಬುದ್ಧಿ ಹೇಳುವವಳು. ಪ್ರತಿ ವರ್ಷ 'ಈ ಡಿಸೆಂಬರಿಗೆ ಖಂಡಿತ' ಅನ್ನುತ್ತಾ ಅನ್ನುತ್ತಾ ನಾನು ಊರಿಗೆ ಹೋಗಿ ಐದು ವರ್ಷ ಆಗಿದೆ. ಈ ಐದು ವರ್ಷ ವಿಡಿಯೋ ಕಾಲಿನಲ್ಲಿ ಕಂಡದ್ದೆಲ್ಲ ಅಕ್ಕನ ಎಡಗಿವಿ. ಓಲೆ ಬದಲಾದದ್ದು ಗೊತ್ತಾಗುತ್ತದೆ, ಕೂದಲು ಬೆಳ್ಳಗಾದದ್ದು ಕಿವಿಯ ಸುತ್ತಳತೆಯಷ್ಟು ಗೊತ್ತಾಗುತ್ತದೆ. "ಮುಖಕ್ಕೆ ಹಿಡಿ ಅಕ್ಕ" ಅಂದರೆ, "ಮುಖಕ್ಕೆ ಹಿಡಿದ್ರೆ ಕೇಳುದು ಹೇಗೆ? ನಂಗೆ ಕಿವಿ ಮುಖದಲ್ಲಿ ಉಂಟಾ?" ಅನ್ನುತ್ತಾಳೆ.

ಪೋರ್ಟರ್ ಮೆಲ್ಲಗೆ ಹೇಳಿದ, ಕ್ಲಬ್ಬು ಈ ವರ್ಷ ಕೊನೆಯ ಸ್ಥಾನದಲ್ಲಿ ನಿಂತರೆ ಮುಚ್ಚಿಬಿಡುತ್ತಾರಂತೆ. ಕ್ಲಬ್ಬಿಲ್ಲದಿದ್ದರೆ ಆಟ ಇಲ್ಲ, ಏಣಿಯ ಮೇಲೆ ಡ್ರೈವರ್ ಇಲ್ಲ, ಆ ಎರಡು ಸೆಕೆಂಡೂ ಇಲ್ಲ.

ಅಲ್ಲಿಂದ ಮುಂದೆ ನಾವಿಬ್ಬರೂ ಕಾದದ್ದು ಬಲಮೂಲೆಯ ಕಾರ್ನರಿಗೆ. ಯಾವ ತಂಡಕ್ಕೆ ಸಿಕ್ಕರೂ ಎದ್ದು ಚಪ್ಪಾಳೆ. ಒಮ್ಮೆ ನಮ್ಮ ಮನೆಯಲ್ಲಿ ನೋಡುತ್ತಿದ್ದಾಗ ಎದುರಾಳಿಗೆ ಅಂಥ ಕಾರ್ನರ್ ಸಿಕ್ಕಿ, ನಾವು ಕುಣಿದು, ಅದರಿಂದಲೇ ನಮ್ಮ ಮೇಲೆ ಗೋಲಾಯಿತು. ನಾವು ಇನ್ನೂ ಕುಣಿಯುತ್ತಲೇ ಇದ್ದೆವು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಮಹಡಿಯಿಂದ ಇಳಿದು ಬಂದು ನೋಡಿ, "ಪಪ್ಪಾ, ಡೂ ಯು ನೋ ವಿಚ್ ಟೀಮ್ ಈಸ್ ಯುವರ್ಸ್?" ಅಂದಳು.

"ನಮ್ಮದು ಛತ್ರಿ ಟೀಮು" ಅಂದೆ.

ಗೋಲ್‌ಕೀಪರಿಗೆ ಕರೆ

ಕ್ಲಬ್ಬಿನ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಪೋರ್ಟರ್ ನನ್ನನ್ನೂ ಸೇರಿಸಿದ. 'ಭಾರತದ ಕಡಲ ತೀರದ ಮಾಜಿ ಗೋಲ್‌ಕೀಪರ್' ಅಂತ ಪರಿಚಯಿಸಿದ್ದನಂತೆ. ಅದು ಸುಳ್ಳಲ್ಲ. ಓಡಲಾರದವನನ್ನು ನಮ್ಮ ಊರಿನಲ್ಲಿ ಗೋಲಿಗೆ ನಿಲ್ಲಿಸುತ್ತಿದ್ದರು, ನಾನು ನಿಂತಿದ್ದೆ. ಫೋಟೋ ಕೇಳಿದರು. ಇಪ್ಪತ್ತನೇ ವಯಸ್ಸಿನದು ಕಳಿಸಿದೆ. ಬೇರೆಲ್ಲದರಲ್ಲಿ ಹೊಟ್ಟೆ ಕ್ಯಾಮೆರಾಕ್ಕೆ ಅಡ್ಡ ಬಂದಿತ್ತು.

ಮೂರು ದಿನ ಬಿಟ್ಟು ಕ್ಲಬ್ಬಿನ ಅಧ್ಯಕ್ಷರ ಸಂದೇಶ ಬಂತು. ಮಗಳು ಫೋನಿನಲ್ಲೇ ಅನುವಾದಿಸಿ ಓದಿ ಹೇಳಿದಳು: ಇದ್ದ ಗೋಲ್‌ಕೀಪರನ ಬೆರಳು ಮುರಿದಿದೆ, ಇಂಡಿಯಾದವರು ಯಾವಾಗ ಬರಬಹುದು, ಉಳಿದುಕೊಳ್ಳಲು ಅಧ್ಯಕ್ಷರ ಅತ್ತೆ ಮನೆಯಲ್ಲಿ ಒಂದು ರೂಮು ಇದೆ.

ಎರಡು ಮಂಡಿಗೂ ಪಟ್ಟಿ ಕಟ್ಟಿಕೊಂಡು ಮೆಟ್ಟಿಲು ಇಳಿಯುವ ನಾನು ಗಂಭೀರವಾಗಿ ಹೆಂಡತಿಯನ್ನು ಕೇಳಿದೆ, "ಏನು ಹೇಳ್ತೀಯಾ?"

ಅವಳು ಚಪಾತಿ ಲಟ್ಟಿಸುತ್ತಲೇ ಹೇಳಿದಳು: "ಹೋಗಿ ಬನ್ನಿ. ಬರುವಾಗ ಕಾಫಿಪುಡಿ ತನ್ನಿ."

ಭಟ್ಟರ ಲೆಕ್ಕಾಚಾರ

ಎರಡೇ ಆಟ ಉಳಿದಾಗ ಮನುಷ್ಯಪ್ರಯತ್ನ ಸಾಲದು ಅನ್ನಿಸಿತು. ಪೋರ್ಟರನ್ನು ಕಾರಿನಲ್ಲಿ ಕೂರಿಸಿಕೊಂಡು ಲೆಸ್ಟರಿನ ಒಂದು ದೇವಸ್ಥಾನಕ್ಕೆ ಹೋದೆ. ಅಲ್ಲಿಯ ಭಟ್ಟರು ಉಡುಪಿ ಕಡೆಯವರು, ನನ್ನ ಪರಿಚಯ. ಅರ್ಚನೆ ಮಾಡಿಸಬೇಕು ಅಂದೆ.

"ಯಾರ ಹೆಸರಲ್ಲಿ?"

ಚೀಟಿ ಕೊಟ್ಟೆ. ಕ್ಲಬ್ಬಿನ ಪೂರ್ತಿ ಹೆಸರು ಒಂದೂವರೆ ಸಾಲು. ಭಟ್ಟರು ಕನ್ನಡಕ ಹಾಕಿ ಓದಿ, ತೆಗೆದು ನನ್ನ ಮುಖ ನೋಡಿದರು.

"ಇದು ಮನುಷ್ಯರಾ?"

"ಫುಟ್‌ಬಾಲ್ ಕ್ಲಬ್ಬು ಭಟ್ರೇ. ಬ್ರೆಜಿಲಿಂದು."

"ಗೋತ್ರ?"

ನಾನು ಪೋರ್ಟರ್ ಕಡೆ ತಿರುಗಿದೆ. ಅವನು ಪಾಪ, ಕ್ಲಬ್ಬಿನ ಜೆರ್ಸಿಯ ಬಣ್ಣ ಹೇಳಿದ.

"ಗೋತ್ರ ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ, ಅದೇನೂ ತೊಂದರೆ ಇಲ್ಲ," ಭಟ್ಟರು ಸಮಾಧಾನ ಹೇಳಿದರು. "ಹೆಸರು ಅಕಾರದಿಂದ ಶುರು. ಕೃತ್ತಿಕಾ ನಕ್ಷತ್ರ ಅಂತ ಇಟ್ಕೊಳ್ಳುವ. ಕುಟುಂಬದಲ್ಲಿ ಎಷ್ಟು ಮಂದಿ?"

"ಹನ್ನೊಂದು. ಐದು ಜನ ಸಬ್‌ಸ್ಟಿಟ್ಯೂಟು. ಒಬ್ಬ ಡ್ರೈವರು."

"ಸಹಕುಟುಂಬಸ್ಯ ಅಂದ್ರೆ ಎಲ್ಲಾ ಬಂತು. ಸಂಕಲ್ಪ ಏನು, ಜಯವಾ?"

ಇದನ್ನು ಇಂಗ್ಲಿಷಿನಲ್ಲಿ ಕೇಳಿದೆ. ಪೋರ್ಟರ್ ಕೈ ಮುಗಿದೇ ಹೇಳಿದ, "ಜಯ ಬೇಡ. ಕೊನೆಯ ಆಟ ಡ್ರಾ ಆದ್ರೆ ಸಾಕು. ಕ್ಲಬ್ಬು ಉಳಿಯುತ್ತೆ."

ಭಟ್ಟರು ಆರತಿ ತಟ್ಟೆ ಕೆಳಗಿಟ್ಟರು. "ನನ್ನ ಸರ್ವಿಸಿನಲ್ಲಿ ದೇವರ ಹತ್ರ ಸಮ ಕೇಳಿದವರು ಇವರೊಬ್ಬರೇ," ಅಂದು, ಕಾಶ್ಯಪ ಗೋತ್ರದಲ್ಲಿ ಕೃತ್ತಿಕಾ ನಕ್ಷತ್ರದಲ್ಲಿ ಹುಟ್ಟಿದ ಆ ಕ್ಲಬ್ಬಿನ ಒಂದೂವರೆ ಸಾಲನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಪೋರ್ಟರ್ ಕಣ್ಣು ಮುಚ್ಚಿ ನಿಂತಿದ್ದ. ತೆರೆದಾಗ ಒದ್ದೆಯಾಗಿತ್ತು. ಹೊಗೆ ಅಂದ. ಕರ್ಪೂರ ಇನ್ನೂ ಹಚ್ಚಿರಲಿಲ್ಲ.

ಆ ಭಾನುವಾರ ನಾಲ್ಕು–ಸೊನ್ನೆ ಸೋತೆವು. ಭಟ್ಟರಿಗೆ ಫೋನ್ ಮಾಡಿ ದೂರು ಹೇಳಿದೆ.

"ಇವ್ರು ಕೇಳಿದ್ದು ಕೊನೆಯ ಆಟಕ್ಕೆ ಅಲ್ವಾ," ಅಂದರು ಭಟ್ಟರು. "ಇದಕ್ಕೆ ಕೇಳದೇ ನಾಲ್ಕಕ್ಕೆ ನಿಂತದ್ದು ದೊಡ್ಡದು."

ಕೊನೆಯ ಆಟ

ಕೊನೆಯ ಆಟಕ್ಕೆ ಪೋರ್ಟರ್, ಅವನ ಹೆಂಡತಿ, ಎರಡು ವರ್ಷದ ಮಗ ಎಲ್ಲ ನಮ್ಮ ಮನೆಗೇ ಬಂದರು. ಮಗಳು ಮೊಬೈಲನ್ನು ಟಿವಿಗೆ ಹಾಕಿಕೊಟ್ಟಳು. ಹೆಂಡತಿ ಬಿಸಿಬೇಳೆಬಾತ್ ಮಾಡಿದ್ದಳು, ಯಾರೂ ಮುಟ್ಟಲಿಲ್ಲ.

ಅವತ್ತು ಬಿಸಿಲಿಗೆ ಅಂಜಿ ಡ್ರೈವರ್ ಏಣಿಯನ್ನು ಆಚೆ ಬದಿಗೆ ಹಾಕಿದ್ದ. ಛತ್ರಿ ಇದ್ದ ಮೂಲೆ ಅಲ್ಲಿಂದ ಕಾಣುವಂತೆಯೇ ಇರಲಿಲ್ಲ. ಎಂಬತ್ತು ನಿಮಿಷ ಆಯಿತು, ಒಂದು–ಒಂದು. ಇದು ಹೀಗೇ ನಿಂತರೆ ಕ್ಲಬ್ಬು ಉಳಿಯುತ್ತದೆ. ಆದರೆ ಪೋರ್ಟರನ ಮುಖದಲ್ಲಿ ಕಳೆ ಇರಲಿಲ್ಲ. "ಇದೇ ಕೊನೆಯದಾದ್ರೆ ಇವತ್ತು ಅಮ್ಮನನ್ನು ನೋಡಲೇ ಇಲ್ಲ ಅಂಕಲ್," ಅಂದ.

ನನ್ನೊಳಗಿನ ಗೋಲ್‌ಕೀಪರ್ ಎದ್ದ. ಮಗಳ ಕೈಯಲ್ಲಿ ಅವರ ಭಾಷೆಯಲ್ಲೇ ಕಾಮೆಂಟು ಹಾಕಿಸಿದೆ: 'ಡ್ರೈವರಣ್ಣ, ತಿಂಡಿ ಕರಿಯುವ ಅಮ್ಮನನ್ನು ಒಮ್ಮೆ ತೋರಿಸಿ. ಅವರ ಮಗ ಇಂಗ್ಲೆಂಡಿನಲ್ಲಿ ಕಾಯ್ತಾ ಇದ್ದಾನೆ.'

ಡ್ರೈವರ್ ಕಾಮೆಂಟುಗಳನ್ನು ಗಟ್ಟಿಯಾಗಿ ಓದುವವನು. ಓದಿದ. ಏಣಿ ಇಳಿದ. ಆಮೇಲೆ ಮೂರು ನಿಮಿಷ ನಾವು ಹುಲ್ಲು, ಅವನ ಚಪ್ಪಲಿ, ಮತ್ತೆ ಹುಲ್ಲು ನೋಡಿದೆವು. ಅಷ್ಟರಲ್ಲಿ ಎಲ್ಲೋ ಸೀಟಿ ಕೇಳಿಸಿತು. ಕಾಮೆಂಟುಗಳು ನುಗ್ಗಿದವು. ಮಗಳು ಓದಿದಳು: "ಪೆನಾಲ್ಟಿ. ಅಗೇನ್ಸ್ಟ್ ಅಸ್. 'ಹಿಂದೆ ತಿರುಗೋ ಕತ್ತೆ' ಅಂತಿದ್ದಾರೆ."

ಡ್ರೈವರ್ ತಿರುಗಲಿಲ್ಲ. ಮೊಬೈಲನ್ನು ಸೆಲ್ಫಿಗೆ ಹಾಕಿ ಅಮ್ಮನ ಮುಂದೆ ಹಿಡಿದ. ಅಮ್ಮ ಮೊದಲು ಅವನಿಗೆ ಬೈದರು. ಅವನು ಏನೋ ಹೇಳಿದ. ಅವರು ಕೈಯನ್ನು ಏಪ್ರನ್ನಿಗೆ ಒರೆಸಿದರು, ಹಣೆಯ ಕೂದಲು ಹಿಂದೆ ಸರಿಸಿದರು, ನಮ್ಮನ್ನೇ ನೋಡಿದರು. ಪೋರ್ಟರ್ ಮಗುವನ್ನೆತ್ತಿ ಟಿವಿಯ ಹತ್ತಿರ ಹಿಡಿದ.

ಆಮೇಲೆ ಅಮ್ಮ ಡ್ರೈವರನ ಕೈಯಿಂದ ಮೊಬೈಲ್ ಕಿತ್ತುಕೊಂಡರು. ನೇರ ಕಿವಿಗೆ ಇಟ್ಟುಕೊಂಡರು.

ನಮ್ಮ ಟಿವಿ ನಲವತ್ತಮೂರು ಇಂಚು. ಅಷ್ಟಗಲಕ್ಕೂ ಕಿವಿ. ಇಡೀ ಊರಿನ ಹಣೆಬರಹ ಆ ಕಿವಿಯ ಹಿಂದೆ ಎಲ್ಲೋ ನಡೆಯುತ್ತಿತ್ತು. ಅಮ್ಮನಿಗೆ ಪೆನಾಲ್ಟಿಯ ಪರಿವೆ ಇರಲಿಲ್ಲ. ಏನೋ ಕೇಳಿದರು, ಉತ್ತರಕ್ಕೆ ಕಾದರು. ಲೈವ್‌ನಲ್ಲಿ ಇವನ ಮಾತು ಅಲ್ಲಿಗೆ ಕೇಳುವುದಿಲ್ಲ ಅಂತ ಅವರಿಗೆ ಯಾರು ಹೇಳಬೇಕು.

"ಏನು ಕೇಳ್ತಿದ್ದಾರೆ?" ನನ್ನ ಹೆಂಡತಿ ವಿಚಾರಿಸಿದಳು.

"ಊಟ ಆಯ್ತಾ ಅಂತ," ಪೋರ್ಟರ್ ಹೇಳಿದ.

"ಆಯ್ತು ಅನ್ನು ಮಾರಾಯ. ಅವರು ಕಾಯ್ತಿದ್ದಾರೆ," ಅಂದಳು. ಅವನು ಟಿವಿಗೆ ಹೇಳಿದ. ಅವನ ಹೆಂಡತಿಯೂ ಹೇಳಿದಳು. ನಾವೂ ಒಬ್ಬೊಬ್ಬರಾಗಿ ಆ ಕಿವಿಗೆ ಊಟ ಆಯಿತೆಂದು ವರದಿ ಒಪ್ಪಿಸಿದೆವು. ಅಷ್ಟರಲ್ಲಿ ಓಲೆ ಅಲ್ಲಾಡಿತು, ಆ ಕಡೆ ಊರಿಗೆ ಊರೇ ಕೂಗಿತು. ಗೋಲಾಯಿತೋ ಹಿಡಿದರೋ ತಿಳಿಯದೆ ಕೂತೆವು. ಡ್ರೈವರ್ ಮೊಬೈಲ್ ವಾಪಸ್ ಪಡೆದಾಗ ನಮ್ಮ ಹುಡುಗರೆಲ್ಲ, ಬೇರೆ ಯಾರೂ ಸಿಗದೆ ಮುರಿದ ಬೆರಳಿನಲ್ಲೇ ನಿಂತಿದ್ದ ಗೋಲ್‌ಕೀಪರನ ಮೇಲೆ ಬಿದ್ದು ಹೊರಳುತ್ತಿದ್ದರು. ಒಂದು–ಒಂದು. ಅವನು ಅದನ್ನು ಹೇಗೆ ತಡೆದನೆಂಬುದಕ್ಕೆ ಭೂಮಿಯ ಮೇಲೆ ವಿಡಿಯೋ ಇಲ್ಲ. ಇರುವುದು ಆ ಕಿವಿಯದು. ಅಭಿಮಾನಿಗಳ ಗುಂಪಿನ ಡಿಪಿ ಈಗ ಅದೇ.

ಅವರು ಹೋದ ಮೇಲೆ, ಸಂಜೆ ನಾಲ್ಕೂವರೆಗೆ, ಅಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೇಕರಿ ಮುಚ್ಚುವ ಹೊತ್ತು. ಎಡಗಿವಿ ಬಂತು. ನಾನು ಸುಮ್ಮನೆ ನೋಡುತ್ತಾ ಕೂತೆ.

"ಇವತ್ತೆಂತ, ಮುಖಕ್ಕೆ ಹಿಡಿ ಅಂತ ಬೊಬ್ಬೆ ಇಲ್ಲ?" ಕಿವಿ ಕೇಳಿತು.

"ಇರ್ಲಿ ಅಕ್ಕ. ಹಾಗೇ ಇಟ್ಕೋ. ಓಲೆ ಚಂದ ಉಂಟು."

ಅಕ್ಕನಿಗೆ ಖುಷಿಯಾಯಿತು. "ಹೌದಾ? ತಡಿ, ಇನ್ನೊಂದನ್ನೂ ನೋಡು," ಅಂದು ಫೋನನ್ನು ಬಲಗಿವಿಗೆ ಬದಲಾಯಿಸಿದಳು.

ಈ ಕಿವಿಯಿಂದ ಆ ಕಿವಿಗೆ ಹೋಗುವ ದಾರಿಯಲ್ಲಿ, ಎರಡು ಸೆಕೆಂಡು, ಅಕ್ಕನ ಮುಖ ಕಂಡಿತು.